ಬಾಗಿಲ ಮುಂದಿನ ಹಲಗೆ

ಯಳವಿಯ ಮಲಕಾಜಪ್ಪನಿಗೆ ಇದ್ದ ಚಟ ಒಂದೇ, ಬಯಲಾಟ. ಎಲೆಯಡಿಕೆಯನ್ನೂ ಮುಟ್ಟದ ಮನುಷ್ಯ. ಜೋಳ, ಕುಸುಬಿ, ಉಣ್ಣೆಯ ವ್ಯಾಪಾರಕ್ಕೆ ಕೂತು ತಕ್ಕಡಿ ಹಿಡಿದರೆ ಮುಳ್ಳು ಕೂದಲೆಳೆಯಷ್ಟೂ ಅತ್ತಿತ್ತ ಆಗುತ್ತಿರಲಿಲ್ಲ. ಅಂಥವನ ತಲೆಗೆ ರಾಕ್ಷಸರಾಜನ ಕಿರೀಟ ಇಟ್ಟರೆ ಮಾತ್ರ ಆ ತಲೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಜತ್ತ ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದು ಐದಾರು ವರ್ಷವಾಗಿತ್ತು. ಅದರಿಂದ ಊರಿಗೆ ಏನು ಬಂತೋ ಏನು ಹೋಯಿತೋ, ಆಟದ ದಿನ ಹತ್ತಿರ ಬಂದಾಗ ಮಲಕಾಜಪ್ಪನ ಮೀಸೆ ದಪ್ಪಗಾಗುವುದು ಮಾತ್ರ ನಿಂತಿರಲಿಲ್ಲ.

ಆ ವರ್ಷ ವೈಶಾಖದಲ್ಲಿ ಆಟ ಎಂದು ಗೊತ್ತಾಯಿತು. ಅವನ ಹೆಂಡತಿ ಸಿದ್ದಲಿಂಗವ್ವ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಡಫಳಾಪುರದ ತವರಿಗೆ ಹೊರಟಿದ್ದಳು. ಕಾರಹುಣ್ಣಿಮೆಗೆ ವಾಪಸು ಬರುವುದಾಗಿ ಹೇಳಿ ಬಂಡಿ ಹತ್ತಿದವಳು ಮತ್ತೆ ತಿರುಗಿ ನೋಡಿದಳು.

“ಮ್ಯಾಲಿನ ಖೋಲಿ ಒಂದು ನೋಡ್ಕೊಳ್ರಿ. ಯಾರೂ ಚಪ್ಪಲಿ ಹಾಕ್ಕೊಂಡು ಹತ್ತಬಾರ್ದು.”

“ನಾ ಏನ್ ಸಣ್ಣ ಹುಡುಗ ಏನ? ಹೋಗಿ ಬಾ,” ಎಂದ ಮಲಕಾಜಪ್ಪ.

ಊರಲ್ಲಿ ಬಹಳ ಮನೆಗಳ ನೆಲ ಸೆಗಣಿಯಿಂದ ಸಾರಿಸಿದ್ದು, ಉಳ್ಳವರದು ಕಲ್ಲಿನ ಫರಸಿ. ಹಲಗೆಯ ನೆಲ ಇದ್ದದ್ದು ಮಲಕಾಜಪ್ಪನ ಮನೆಯ ಮೇಲಿನ ಖೋಲಿಗೆ ಮಾತ್ರ. ಮದುವೆಯಾದ ವರ್ಷ ಸಿದ್ದಲಿಂಗವ್ವನ ಅಪ್ಪ ಬೆಳಗಾವಿ ಕಡೆಯಿಂದ ಬಂಡಿಯ ಮೇಲೆ ಸಾಗವಾನಿ ತರಿಸಿ, ತಾನೇ ಎದುರು ನಿಂತು ಹಾಕಿಸಿದ್ದ. ಆತ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅಂದಿನಿಂದ ಆ ನೆಲ ಒರೆಸಲು ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಮಧ್ಯಾಹ್ನ ಅವಳು ಹಲಗೆಯ ಮೇಲೆ ಅಂಗೈ ಊರಿ ಸುಮ್ಮನೆ ಕೂತದ್ದನ್ನು ನೋಡಿ ಮಲಕಾಜಪ್ಪ ಮೆಟ್ಟಿಲ ಅರ್ಧದಿಂದಲೇ ಇಳಿದು ಹೋಗಿದ್ದ. ಇಷ್ಟೆಲ್ಲ ಗೊತ್ತಿದ್ದೂ ಅವನು ಮಾಡಿದ್ದನ್ನು ಕೇಳಿ.

ಹಿಂದಿನ ವರ್ಷದ ಆಟದಲ್ಲಿ ಅವನು ಕಾಲೆತ್ತಿ ಕುಣಿದಾಗ ಆಟಕ್ಕೆಂದು ಕಟ್ಟಿದ ಅಟ್ಟದ ಹಲಗೆ ಮುರಿದು, ರಾಕ್ಷಸರಾಜ ಮೊಣಕಾಲ ತನಕ ಒಳಗಿಳಿದಿದ್ದ. ಹೆದರಬೇಕಾದ ಜನ ಬಿದ್ದು ಬಿದ್ದು ನಕ್ಕಿದ್ದರು. ಆ ನಗು ಅವನ ಎದೆಯಲ್ಲಿ ವರ್ಷಪೂರ್ತಿ ಚುಚ್ಚುತ್ತಲೇ ಇತ್ತು. ಈ ಸಲ ಅಟ್ಟ ಕಟ್ಟಲು ಹಲಗೆ ಕೂಡಿಸುವಾಗ, ಆಟದಲ್ಲಿ ಅವನ ಸೇನಾಧಿಪತಿಯಾಗುವ ಮಾಡಗ್ಯಾಳದ ಕುರುಬ ಅಮೋಘಸಿದ್ದಪ್ಪ ಗಡ್ಡ ಕೆರೆದುಕೊಳ್ಳುತ್ತ ಅಂದ: “ಸಾವಕಾರ್ರ, ನಿಮ್ಮ ಕುಣಿತಾ ತಡಿಬೇಕಂದ್ರ ನಿಮ್ಮ ಮನಿ ಹಲಗಿನ ಬೇಕ್ರಿ.”

ಬೆಂಕಿಗೆ ತುಪ್ಪ ಬಿದ್ದಂತಾಯಿತು. ಒಂದು ರಾತ್ರಿಯ ಮಾತು, ಬೆಳಗಾದರೆ ತಂದು ಮತ್ತೆ ಬಡಿದರಾಯಿತು ಎಂದು ಮೇಲಿನ ಖೋಲಿಯ ಹಲಗೆಗಳನ್ನೆಲ್ಲ ಕೀಳಿಸಿದ. ಅವನ ತಾಯಿ ಹಾಲವ್ವ ಅಂಗಳದಲ್ಲಿ ಕೂತು, ಒಂದೊಂದೇ ಹಲಗೆ ಮೆಟ್ಟಿಲಿಳಿದು ಹೋಗುವುದನ್ನು ನೋಡಿದಳು.

“ನಾ ಏನೂ ನೋಡಿಲ್ಲಪ್ಪಾ. ನನಗ ಕಣ್ಣು ಕಾಣಂಗಿಲ್ಲ,” ಅಂದಳು. ಮೂರನೇ ಮನೆಯ ಮಾಳಿಗೆಯ ಮೇಲೆ ಕಾಗೆ ಶೇಂಗಾ ಕದ್ದರೆ ಇಲ್ಲಿಂದಲೇ ಬಯ್ಯುವ ಮುದುಕಿ ಅವಳು.

ಅಟ್ಟ ಕಟ್ಟಿದ್ದು ಒಣಹಳ್ಳದ ತಗ್ಗಿನಲ್ಲಿ. ದಂಡೆಯ ಮೇಲೆ ಕೂತವರಿಗೆಲ್ಲ ಚೆನ್ನಾಗಿ ಕಾಣುತ್ತದೆ ಎಂದು. ಆ ಹಳ್ಳದಲ್ಲಿ ನೀರು ನೋಡಿ ಎಷ್ಟು ಕಾಲವಾಗಿತ್ತೋ. ಬೇಕೆಂದು ಬೇಡಿದಾಗ ಒಂದು ಹನಿಯನ್ನೂ ಕೊಡದ ಆಕಾಶ, ಮಲಕಾಜಪ್ಪ ಕಿರೀಟ ಇಟ್ಟು ಮೊದಲ ಹೆಜ್ಜೆ ಹಾಕುವಷ್ಟರಲ್ಲಿ ಗುಡುಗಿತು. ಅಡ್ಡಮಳೆ ಅಡ್ಡಾದಿಡ್ಡಿ ಹೊಡೆಯಿತು. ರಾಕ್ಷಸರು, ದೇವತೆಗಳು, ಮದ್ದಳೆಯವರು ಒಂದೇ ಗುಂಪಾಗಿ ಊರೊಳಗೆ ಓಡಿದರು. ಅಟ್ಟ ಕುಸಿದು, ಸಾಗವಾನಿ ಹಲಗೆಗಳು ಕಂಬಗಳಡಿ ಸಿಕ್ಕಿ ಕೆಸರುನೀರಿನಲ್ಲಿ ನೀರು ಇಳಿಯುವ ತನಕ ಬಿದ್ದುಕೊಂಡವು.

ಹೊರಗೆ ತೆಗೆದಾಗ ಅವು ನೀರು ಕುಡಿದು ಉಬ್ಬಿ, ಎತ್ತಲು ಇಬ್ಬರು ಬೇಕಾದಷ್ಟು ಭಾರವಾಗಿದ್ದವು. ಒದ್ದೆಯಾದದ್ದನ್ನು ಬಿಸಿಲಿಗೆ ಹಾಕಿದರಾಯಿತು, ಕಾಳು ಒಣಗಿಸುವವನಿಗೆ ಅಷ್ಟೂ ತಿಳಿಯದೇ? ಮಲಕಾಜಪ್ಪ ಹಲಗೆಗಳನ್ನು ಕಣದಲ್ಲಿ ಸಾಲಾಗಿ ಹರವಿ ಸಮಾಧಾನದಿಂದ ಊಟಕ್ಕೆ ಹೋದ. ಎದ್ದು ಬರುವಷ್ಟರಲ್ಲಿ ಒಂದೊಂದು ಹಲಗೆಯೂ ಹಪ್ಪಳದಂತೆ ಎರಡೂ ಅಂಚು ಎತ್ತಿಕೊಂಡು ಮುರುಟಿತ್ತು. ನಡುವೆ ತಗ್ಗು, ನೀರು ಹೊಯ್ದರೆ ನಿಲ್ಲುವಂತೆ. ಆಗ ಅವನಿಗೆ ನಿಜವಾಗಿ ಹೆದರಿಕೆ ಹುಟ್ಟಿತು. ಅವಳು ಬೈದರೆ ಬೈಸಿಕೊಳ್ಳಬಹುದು, ಅದು ರೂಢಿಯೇ. ಆದರೆ ನಮ್ಮ ಅಪ್ಪನನ್ನು ತುಳಿದು ಕುಣಿದಿರಾ ಎಂದು ಕೇಳಿಬಿಟ್ಟರೆ?

ಬಡಿಗೇರ ಕಾಳಪ್ಪನನ್ನು ಕರೆಸಿದ. ಕಾಳಪ್ಪ ಕೆಲಸಗಾರನೇನೋ ಹೌದು, ಆದರೆ ಕೈಗಿಂತ ಬಾಯಿ ಮುಂದೆ. ಕಣಕ್ಕೆ ಬಂದವನೇ ಹಲಗೆಗಳ ಸುತ್ತ ಒಂದು ಸುತ್ತು ಹಾಕಿ, ಸತ್ತವರ ಮನೆಗೆ ಬಂದವನಂತೆ ತಲೆಯ ರುಮಾಲು ತೆಗೆದ.

“ಇದನ್ನ ಬಿಸಿಲಿಗಿ ಹಾಕಿದ ಜಾಣ ಯಾರ್ರೀ?”

“ನಾನ, ಕಾಕಾ.”

“ಹಂಗಾರ ಇನ್ನೇನೂ ಮಾತಾಡಂಗಿಲ್ಲ ಬಿಡ್ರಿ,” ಅಂದು ಕಾಳಪ್ಪ ಎರಡು ಲೋಟ ಚಹಾ ಮುಗಿಯುವ ತನಕ ಮಾತಾಡಿದ. ಮೇಲಿನ ಮೈ ಒಣಗಿ ಕುಗ್ಗಿದೆ, ಕೆಳಗಿನ ಮೈ ಇನ್ನೂ ನೀರು ಹಿಡಿದು ಉಬ್ಬಿದೆ, ಅದಕ್ಕೇ ಮುರುಟಿದ್ದು ಎಂದು ವಿವರಿಸಿದ. ಒದ್ದೆ ಗೋಣಿತಟ್ಟು ಹಾಸಿ, ತಗ್ಗಾದ ಮೈಯನ್ನು ಅದರ ಮೇಲೆ ಬೋರಲು ಹಾಕಿಸಿ, ಉಬ್ಬಿದ ಮೈಯನ್ನು ಗಾಳಿಗೆ ಬಿಟ್ಟ. ಅಂಚುಗಳು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿದು ನೆಟ್ಟಗಾದವು. ಆಮೇಲೆ ದನದ ಕೊಟ್ಟಿಗೆಯ ನೆರಳಿಗೆ ಸಾಗಿಸಿ, ಒಂದರ ಮೇಲೊಂದು ಒಟ್ಟಿ, ಗಾಳಿ ಆಡಲೆಂದು ಪ್ರತಿ ಎರಡು ಹಲಗೆಯ ನಡುವೆ ಜಾಲಿಯ ಕಡ್ಡಿ ಇಟ್ಟು, ಎಲ್ಲದರ ಮೇಲೆ ಜೋಳದ ಚೀಲ ಹೇರಿಸಿದ. ಚೀಲ ಹೊತ್ತವನು ಅಮೋಘಸಿದ್ದಪ್ಪ. ತನ್ನ ಬಾಯಿಂದಲೇ ಇಷ್ಟೆಲ್ಲ ಆದದ್ದು ಎಂದು ಪಾಪ, ಹೇಳದಿದ್ದರೂ ಬಂದು ಹೊರುತ್ತಿದ್ದ.

“ಎಂದ ಒಣಗತಾವ ಕಾಕಾ?”

“ಒಣಗಿದಾಗ ಒಣಗತಾವ್ರಿ.”

ಈ ಉತ್ತರದಿಂದ ವ್ಯಾಪಾರಸ್ಥನಿಗೆ ಸಮಾಧಾನವಾಗುತ್ತದೆಯೇ? ಡಫಳಾಪುರದಿಂದ ಯಾರೇ ಬರಲಿ, ಮಲಕಾಜಪ್ಪ ಓಡಿಹೋಗಿ ಬಾಣಂತಿಯ ಆರೋಗ್ಯ ವಿಚಾರಿಸುತ್ತಿದ್ದ. ಚಲೋ ಇದ್ದಾಳೆ ಅಂದರೆ ಅವನ ಮುಖ ಸಣ್ಣದಾಗುತ್ತಿತ್ತು. ಆ ಬಾಣಂತಿಗೆ ಒಂದು ಸಣ್ಣ ನೆಗಡಿಯಾದರೂ ಬರಬಾರದೇ ಎಂದು ಯೋಚಿಸಿ, ಮರುಕ್ಷಣವೇ ತಪ್ಪಾಯಿತೆಂದು ಗಲ್ಲ ಬಡಿದುಕೊಂಡ. ಕೊನೆಗೆ ಅವನಿಗೇ ಒಂದು ಉಪಾಯ ಹೊಳೆಯಿತು. ಕಾಳಿನ ಚೀಲ ತೂಗುವ ದೊಡ್ಡ ತಕ್ಕಡಿಗೆ ಒಂದು ಹಲಗೆ ಏರಿಸಿದ. ಎರಡು ದಿನ ಬಿಟ್ಟು ಅದೇ ಹಲಗೆ ಮತ್ತೆ ತೂಗಿದ. ತೂಕ ಇಳಿದಿತ್ತು, ಅಂದರೆ ಇನ್ನೂ ನೀರು ಹೋಗುತ್ತಿದೆ. ಇಳಿಯುವುದು ನಿಂತ ದಿನ ಒಣಗಿದ ಹಾಗೆ. ಇದನ್ನು ಕೇಳಿ ಕಾಳಪ್ಪ ಬಾಯಿ ತೆರೆದ, ಮುಚ್ಚಿದ, “ನಾನೂ ಅದನ್ನ ಹೇಳಬೇಕಂತಿದ್ದೆ,” ಅಂದ.

ಕಾರಹುಣ್ಣಿಮೆಗೆ ಇನ್ನೂ ಸ್ವಲ್ಪ ದಿನ ಇರುವಾಗ ತಕ್ಕಡಿಯ ಮುಳ್ಳು ನಿಂತಲ್ಲೇ ನಿಂತಿತು. ಹಲಗೆಗಳು ಮಹಡಿ ಹತ್ತಿದವು. ಯಾವುದರ ಪಕ್ಕ ಯಾವುದು ಎಂದು ಯಾರಿಗೂ ನೆನಪಿರಲಿಲ್ಲ. ಹಲಗೆಯ ಹಳೆಯ ಮೊಳೆತೂತನ್ನು ತೊಲೆಯ ತೂತಿಗೆ ಹೊಂದಿಸಿ ಹೊಂದಿಸಿ ಕಾಳಪ್ಪ ಒಂದೊಂದನ್ನೂ ಅದರದರ ಜಾಗಕ್ಕೆ ಕೂರಿಸಿದ. ಕೆಸರಿನ ಕಲೆಯನ್ನು ರಂದಾದಿಂದ ತೆಳ್ಳಗೆ ಹೆರೆದು, ಬೂದಿಯಿಂದ ಉಜ್ಜಿ, ಅಗಸೆ ಎಣ್ಣೆ ಕುಡಿಸಿದ. ಅಗಸೆ ಎಣ್ಣೆಯ ವಾಸನೆ ಬೀದಿಯ ತನಕ ಬಂತು.

ಎಲ್ಲ ಮುಗಿದ ಮೇಲೆ ಮಲಕಾಜಪ್ಪನಿಗೆ ದುರಾಸೆ ಹುಟ್ಟಿತು. ಬಾಗಿಲು ದಾಟಿದ ತಕ್ಷಣ ಕಾಲಿಗೆ ಸಿಗುವ ಹಲಗೆಯೊಂದು ಮೊದಲಿನಿಂದಲೂ ಕಿರ್ರೆನ್ನುತ್ತಿತ್ತು. ಆಟದ ತಾಲೀಮು ಮುಗಿಸಿ ಎಷ್ಟು ಹೊತ್ತಿಗೆ ಬಂದರೂ, ಎಷ್ಟು ಮೆತ್ತಗೆ ಕಾಲಿಟ್ಟರೂ ಅದು ಕೂಗಿ ಹೇಳುತ್ತಿತ್ತು. ಒಳಗೆ ಮಲಗಿದ್ದ ಸಿದ್ದಲಿಂಗವ್ವ ಮಗ್ಗಲು ಬದಲಿಸುತ್ತಿದ್ದಳು. ಮರುದಿನ ಬೆಳಗ್ಗೆ ರೊಟ್ಟಿಯ ಜೊತೆ ಎರಡು ಮಾತೂ ಬಡಿಸುತ್ತಿದ್ದಳು.

“ಕಾಕಾ, ಇದೊಂದರ ಬಾಯಿ ಮುಚ್ಚಿಸಿಬಿಡು.”

ಕಾಳಪ್ಪ ಅದರಡಿ ತೆಳ್ಳನೆಯ ಪಟ್ಟಿ ತೂರಿಸಿ, ಎರಡು ಹೊಸ ಮೊಳೆ ಜಡಿದ. ಮಲಕಾಜಪ್ಪ ಅದರ ಮೇಲೆ ನಿಂತು ಕುಣಿದು ನೋಡಿದ. ಅದು ತುಟಿ ಪಿಟಕ್ ಎನ್ನಲಿಲ್ಲ.

ಸಿದ್ದಲಿಂಗವ್ವ ಹೇಳಿದ ದಿನವೇ ಬಂದಳು. ಕೈಕಾಲು ತೊಳೆದು, ಅತ್ತೆಗೆ ತವರಿನ ಉಂಡಿ ಕೊಟ್ಟು, ಮೆಟ್ಟಿಲು ಹತ್ತಿದಳು. ಮಲಕಾಜಪ್ಪ ಹಿಂದೆ ಹಿಂದೆ ಹತ್ತಿದ. ಕಿಟಕಿಯ ಬೆಳಕಿಗೆ ನೆಲ ಹೊಸದರಂತೆ ಹೊಳೆಯುತ್ತಿತ್ತು.

“ಎಣ್ಣಿ ಹಚ್ಚಿಸೀನಿ. ನಿನ್ನ ಸಲುವಾಗಿನ,” ಅಂದ.

ಅವಳ ಮುಖ ಅರಳಿತು. ಬಾಗಿಲು ದಾಟಿ ಒಳಗೆ ಒಂದು ಹೆಜ್ಜೆ ಇಟ್ಟಳು, ನಿಂತಳು. ಕಾಲು ಹಿಂದೆ ತೆಗೆದು ಮತ್ತೆ ಅಲ್ಲೇ ಇಟ್ಟಳು. ಹಿಮ್ಮಡಿಯಿಂದ ಒತ್ತಿದಳು.

“ಇದು ಯಾಕ ಸುಮ್ಮನಾಗೇತಿ?”

“ಅದು... ಎಣ್ಣಿ ಕುಡದು...”

“ನನ್ನ ಮುಖ ನೋಡಿ ಹೇಳ್ರಿ.”

ಸಾವಿರ ಜನರೆದುರು ಗರ್ಜಿಸುವ ರಾಕ್ಷಸರಾಜ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. ಅಟ್ಟ, ಮಳೆ, ಹಳ್ಳ, ಬಿಸಿಲು, ಜೋಳದ ಚೀಲ, ತಕ್ಕಡಿ ಎಲ್ಲವನ್ನೂ ಹೇಳಿದ. ಬಾಣಂತಿಗೆ ನೆಗಡಿ ಬಯಸಿದ್ದನ್ನೂ ಬಿಡಲಿಲ್ಲ. ಕೊನೆಗೆ, “ನಿಮ್ಮ ಅಪ್ಪನ ಹಲಗಿ ನಾ ಕೆಸರಿಗಿ ಹಾಕಿದೆ. ತಪ್ಪಾತು,” ಅಂದ.

ಸಿದ್ದಲಿಂಗವ್ವ ಬಗ್ಗಿ ನೆಲದ ಮೇಲೆ ಅಂಗೈ ಆಡಿಸಿದಳು. ಗಂಟು ಇದ್ದ ಹಲಗೆ ಅದರ ಜಾಗದಲ್ಲೇ ಇತ್ತು. ಕಿಟಕಿಯ ಕೆಳಗೆ ಅಪ್ಪ ಉಳಿಯಿಂದ ಕೊರೆದಿದ್ದ ಚಿಕ್ಕ ಬಿಲ್ವದೆಲೆಯೂ ಹಾಗೇ ಇತ್ತು. ಅವಳ ಕಣ್ಣು ತುಂಬಿತು, ಆದರೆ ಅವಳು ಬೈಯಲಿಲ್ಲ.

“ತೊಯ್ದದ್ದು ಒಣಗಿಸೀರಿ. ನಮ್ಮ ಅಪ್ಪ ಇದ್ದಿದ್ರ ಅವನೂ ಹಲಗಿ ಕೊಡ್ತಿದ್ದ, ಆಟ ಅಂದ್ರ ಪ್ರಾಣ ಅವಗ. ಅದಕ್ಕ ನನಗ ಸಿಟ್ಟಿಲ್ಲ. ಈ ಹಲಗಿ ಬಾಯಿ ಯಾಕ ಮುಚ್ಚಿಸಿದ್ರಿ?”

“ನಾ ತಡಾ ಮಾಡಿ ಬಂದಾಗೆಲ್ಲ ನಿನಗ ಚಾಡಿ ಹೇಳ್ತಿತ್ತಲ್ಲ.”

“ಚಾಡಿ ಹೇಳ್ತಿತ್ತಾ?” ಅವಳಿಗೆ ನಗೆಯೂ ಅಳುವೂ ಕೂಡಿ ಬಂತು. “ಕತ್ತಲಾಗ ಹಾವು ಚೇಳು ತುಳಕೋತ ಬರೋರು ನೀವು. ನೀವು ಬರೂತನಾ ನನಗ ಕಣ್ಣು ಮುಚ್ಚತಿದ್ದಿಲ್ಲ. ಇದು ಕಿರ್ ಅಂದ ಮ್ಯಾಲ, ಹಾಂ, ಬಂದ್ರು ಅಂತ ಮಗ್ಗಲಾಗಿ ನಿದ್ದಿ ಮಾಡ್ತಿದ್ದೆ. ಇಷ್ಟು ವರ್ಷ ನಾ ಕೇಳಿದ್ದು ಅದನ್ನ.”

ಮಲಕಾಜಪ್ಪ ಎದ್ದು ಕೆಳಗೆ ಹೋದ. ಅಂಗಳದಲ್ಲಿದ್ದ ಹಾಲವ್ವ, ಮಗ ಇಕ್ಕಳ ಹುಡುಕುವುದನ್ನು ನೋಡಿ, “ಜೋಳದ ಹಗೇವಿನ ಮಗ್ಗಲಕ ಐತಿ ನೋಡು,” ಅಂದಳು. ಅವಳಿಗೆ ಕಣ್ಣು ಕಾಣುವುದಿಲ್ಲ ಎಂಬುದು ಅವಳಿಗೇ ಮರೆತುಹೋಗಿತ್ತು.

ಅವನು ಮೇಲೆ ಬಂದು ಬಾಗಿಲಲ್ಲಿ ಮೊಣಕಾಲೂರಿದ. ಜಾಣತನದಿಂದ ಜಡಿಸಿದ್ದ ಆ ಎರಡು ಮೊಳೆಗಳನ್ನು ಬೆವರು ಸುರಿಸುತ್ತ ಕಿತ್ತ. ಹಲಗೆಯಡಿಯ ಪಟ್ಟಿಯನ್ನೂ ಎಳೆದು ತೆಗೆದ. ಸಿದ್ದಲಿಂಗವ್ವ ಅವನ ಕಡೆ ನೋಡದೆ ತವರಿನಿಂದ ತಂದ ಸೀರೆಗಳನ್ನು ಮಡಚಿ ಪೆಟ್ಟಿಗೆಗೆ ಇಡುತ್ತಿದ್ದಳು. ಅವನು ಎದ್ದು ಹೊರಗೆ ಹೋಗಿ, ಚಪ್ಪಲಿ ಬಿಟ್ಟದ್ದನ್ನು ಮತ್ತೊಮ್ಮೆ ನೋಡಿಕೊಂಡು, ಬಾಗಿಲು ದಾಟಿ ಒಳಗೆ ಕಾಲಿಟ್ಟ.

ಹಲಗೆ ಕಿರ್ರೆಂದಿತು.

“ಹಾಂ, ಈಗ ಬಂದ್ರಿ,” ಅಂದಳು ಸಿದ್ದಲಿಂಗವ್ವ, ಸೀರೆ ಮಡಚುತ್ತಲೇ.