ಅತ್ತೆ ಆರಿಸಿದ ಫಿಟ್ಟಿಂಗ್

ಮಣ್ಣಿಲ್ಲದೆ, ಬರೀ ಪೈಪಿನೊಳಗೆ ಹರಿಯುವ ನೀರಿನಲ್ಲೇ ಬಾಲ್ಕನಿಯಲ್ಲಿ ಸೊಪ್ಪು ಬೆಳೆಯಲು ಹೊರಟ ಅಳಿಯನಿಗೆ ಎಲೆಗಿಂತ ಮೊದಲು ಸೋರಿಕೆ ಕಾಣಿಸಿತು. ಪೈಪುಗಳ ಜೋಡಣೆಗೆ ಟೇಪು ಸುತ್ತಿದಷ್ಟೂ ಹನಿ ಜಾಸ್ತಿಯಾಯಿತು. ಕೆಳಗೆ ಹಾಸಿದ ಪತ್ರಿಕೆ ದಿನಾ ತೊಯ್ದು ಮುದ್ದೆಯಾಗುತ್ತಿತ್ತು. ಅದನ್ನಿನ್ನೂ ಓದಿ ಮುಗಿಸಿರದ ಮಾವ ಗೊಣಗುತ್ತಿದ್ದರು.

ಕೊನೆಗೆ ಅತ್ತೆಯೇ ಅವನ ಜೊತೆ ಅಂಗಡಿಗೆ ಹೊರಟರು. ಅಳಿಯ ಪೈಪು ಜೋಡಿಸುವ, ಥಳಥಳಿಸುವ ಫಿಟ್ಟಿಂಗ್ ಒಂದನ್ನು ಎತ್ತಿಕೊಂಡ. ಅತ್ತೆ ಅದರೊಳಗಿನ ರಬ್ಬರ್ ರಿಂಗನ್ನು ತೆಗೆದು ಹಿಂಡಿದರು. ಅದು ಚಪ್ಪಟೆಯಾಗಿಯೇ ಉಳಿಯಿತು.

"ಊಹೂಂ, ಇದಕ್ಕೆ ಜೀವ ಇಲ್ಲ."

ಅಂಗಡಿಯವನು ಮುಖ ಗಂಟಿಕ್ಕಿದ. ಅತ್ತೆ ಕ್ಯಾರೇ ಅನ್ನಲಿಲ್ಲ. ಮಂಕಾಗಿ ಕಂಡ ಇನ್ನೊಂದರ ರಿಂಗನ್ನು ಹಿಂಡಿ ಬಿಟ್ಟರೆ, ಅದು ಪುಟಿದು ದುಂಡಗಾಯಿತು.

"ಇದನ್ನ ಕೊಡಪ್ಪ."

"ಟೇಪು ಎಷ್ಟು ತಗೊಳ್ಳೋಣ, ಅತ್ತೆ?"

"ಟೇಪು ಯಾಕೆ? ನೀರು ತಡೆಯೋದು ರಬ್ಬರು. ಕುಕ್ಕರ್ ಮುಚ್ಚಳಕ್ಕೆ ಯಾರಾದ್ರೂ ಟೇಪು ಸುತ್ತುತ್ತಾರಾ? ನೀವು ಸುತ್ತಿ ಸುತ್ತಿ ರಿಂಗ್ ಸರಿಯಾಗಿ ಕೂರೋಕೇ ಬಿಟ್ಟಿಲ್ಲ!"

ಆಯುಷ್ಯವಿಡೀ ಕುಕ್ಕರಿನ ಆವಿಯನ್ನು ಅಂಕೆಯಲ್ಲಿಟ್ಟ ಆ ಕೈಗಳನ್ನು ಅಳಿಯ ಮೊದಲ ಸಲ ಕಣ್ತುಂಬ ನೋಡಿದ.

ಆ ಸಂಜೆ ಅತ್ತೆ ಹೊಸ ಫಿಟ್ಟಿಂಗುಗಳನ್ನು ಬರಿಗೈಯಲ್ಲೇ ತಿರುಗಿಸಿ ಬಿಗಿದು, ನೀರು ಬಿಟ್ಟು, ಕೆಳಗೆ ಅಂದಿನ ಪತ್ರಿಕೆ ಹಾಸಿದರು. ಬೆಳಿಗ್ಗೆ ಅಳಿಯ ಕಣ್ಣುಜ್ಜಿಕೊಂಡು ಬಂದಾಗ ಪೈಪಿನ ಕೆಳಗೆ ಪತ್ರಿಕೆಯೇ ಇರಲಿಲ್ಲ. ಮಾವ ಕುರ್ಚಿಯಲ್ಲಿ ಆರಾಮಾಗಿ ಕೂತು, ಗರಿಗರಿ ಪುಟಗಳನ್ನು ತಿರುವುತ್ತ, ನಿನ್ನೆಯ ಸುದ್ದಿ ಓದುತ್ತಿದ್ದರು.