ಮೂರು ಆಸ್ಪತ್ರೆ ನೋಡಿಬಂದ ಮುನಿಕೃಷ್ಣಮ್ಮ

ಕೊಡಿಗೇಹಳ್ಳಿಯ ಚಿಕ್ಕಹನುಮಯ್ಯನವರ ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಬಾಗಿಲಲ್ಲಿ ನಿಂತ ಸ್ವಂತ ಅಳಿಯನಿಗೆ, "ಮೀಟರ್ ಆ ಕಡೆ ಐತೆ ನೋಡಪ್ಪ" ಅಂದಿದ್ದರು. ಆದರೂ ಆಪರೇಷನ್ ಅಂದರೆ ಸಾಕು, "ಕತ್ತರಿ ಆಕಿಸ್ಕೊಳ್ಳಾಕೆ ನನ್ ಕಣ್ಣೇನು ಬಟ್ಟೇನಾ?" ಅಂತ ಗೋಡೆ ಕಡೆ ತಿರುಗಿ ಮಲಗುವುದು.

ಮಗಳು ಸಂಯುಕ್ತಾ ಮೊಬೈಲಿನಲ್ಲಿ ಮೂರು ಆಸ್ಪತ್ರೆ ಹುಡುಕಿದಳು. ಯಾವುದಕ್ಕೆ ಎಷ್ಟು ಸ್ಟಾರು, ಎಲ್ಲಿ ಎಷ್ಟು ಹೊತ್ತು ಕಾಯಬೇಕು, ಎಲ್ಲಾ ಇತ್ತು.

"ಸ್ಟಾರ್ ಕೊಟ್ಟೋರು ಅಲ್ಲಿ ಕೂತು ಕಾದಿದ್ರಾ?" ಅಂದರು ತಾಯಿ ಮುನಿಕೃಷ್ಣಮ್ಮ. ಮಗಳನ್ನು ಕೊಡುವ ಮುಂಚೆ ಹುಡುಗನ ಮನೆಗೆ ಹೇಳದೆ ಕೇಳದೆ ಹೋಗಿ, ನೀರು ಕೇಳಿ ಕುಡಿದು, ಮನೆಯವರ ಮಾತುಕತೆ ನೋಡಿಬಂದಿದ್ದ ಹೆಂಗಸು ಅವರು. ಆಸ್ಪತ್ರೆಗೂ ಹಂಗೇ ಹೊರಟರು.

ಮೊದಲ ದಿನ ಹೆಬ್ಬಾಳದ ಖಾಸಗಿ ಆಸ್ಪತ್ರೆ. ಕೂತು ಚಿತ್ರಾನ್ನದ ಡಬ್ಬಿ ತೆಗೆಯುವಷ್ಟರಲ್ಲಿ ಹತ್ತು ಜನ ಒಳಗೆ ಹೋಗಿದ್ದರು. ಮಾರನೇ ದಿನ ಗೊರಗುಂಟೆಪಾಳ್ಯದ ಹತ್ತಿರ ಟ್ರಸ್ಟಿನವರದು. ಎರಡು ಗಂಟೆ ಕಾಯಿಸಿದರೂ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಮೂರನೇ ದಿನ ಸರ್ಕಾರಿ ಆಸ್ಪತ್ರೆ. ಅಲ್ಲಿ ಸೆಕ್ಯುರಿಟಿಯವನು ಸುಮ್ಮನೆ ಕೂರಲು ಬಿಡಲಿಲ್ಲ. ಸರಿ ಅಂತ ತಮ್ಮ ಹೆಸರಿಗೇ ಒಂದು ಚೀಟಿ ಮಾಡಿಸಿಕೊಂಡು ಕೂತರು. ಮೂರೂವರೆ ಗಂಟೆಯಾದ ಮೇಲೆ ನರ್ಸ್ ನೂರ್‌ಜಹಾನ್ ಕರೆದರು.

"ನಂಗೇನಿಲ್ಲ ಸಿಸ್ಟರ್, ನಮ್ಮನೆಯೋರಿಗೆ. ನಾನು ಸುಮ್ನೆ ನೋಡ್ಕೊಂಡ್ ಹೋಗೋಣ ಅಂತ ಬಂದೆ."

"ಇಷ್ಟೊತ್ತು ಕಾದಿದ್ದೀರಲ್ಲ ಅಮ್ಮ, ನೋಡೇಬಿಡೋಣ. ಬಲಗಣ್ಣು ಮುಚ್ಕೊಳ್ಳಿ."

ಮುಚ್ಚಿದರು. ಎಡಗಣ್ಣಿಗೆ ಗೋಡೆಯ ಮೇಲಿನ ಅಕ್ಷರ ಹೋಗಲಿ, ಗೋಡೆಯ ಒಂದು ಪಕ್ಕವೇ ಇರಲಿಲ್ಲ.

ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗೆ ಒತ್ತಡ ಏರಿದೆ, ಹೋದ ನೋಟ ಬರಲ್ಲ, ಉಳಿದದ್ದು ಉಳಿಸಿಕೊಳ್ಳಬೇಕು ಅಂದರು. ಹನಿ ಔಷಧಿ ಬರೆದುಕೊಟ್ಟು, ಲೇಸರ್ ಚಿಕಿತ್ಸೆಯೂ ಆಗಬೇಕು ಅಂದರು. ನೂರ್‌ಜಹಾನ್ ಬಾಗಿಲವರೆಗೂ ಕೈಹಿಡಿದು ಬಂದರು.

"ಲೇಸರ್‌ಗೆ ನಮ್ಮಲ್ಲಿ ತಿಂಗಳುಗಟ್ಟಲೆ ಆಗುತ್ತೆ ಅಮ್ಮ. ಯಜಮಾನ್ರ ಪೊರೆ ಬೇಕಾದ್ರೆ ಕಾಯುತ್ತೆ, ಇದು ಕಾಯಲ್ಲ. ಬೇಗ ಎಲ್ಲಾಗುತ್ತೋ ಅಲ್ಲಿಗೆ ಹೋಗಿ."

ಮನೆಗೆ ಬಂದ ಮುನಿಕೃಷ್ಣಮ್ಮ ಮಜ್ಜಿಗೆಯ ಸುದ್ದಿಯನ್ನೇ ಎರಡು ಸಲ ಹೇಳಿದರು. ಆಮೇಲೆ ಇದನ್ನು ಹೇಳಿದರು. ಚಿಕ್ಕಹನುಮಯ್ಯನವರು ತಡಕಾಡಿ ಹೆಂಡತಿಯ ಕೆನ್ನೆ ಮುಟ್ಟಿದರು.

"ನೀನು ಬಡಿಸೋವಾಗ ಸಾರು ತಟ್ಟೆಯಿಂದಾಚೆ ಬೀಳೋದು. ನಂಗೇ ಸರ್ಯಾಗಿ ಕಾಣ್ತಿಲ್ವೇನೋ ಅಂತ ಸುಮ್ಕಿದ್ದೆ ಕಣೇ."

"ನೀವೇ ಕೈ ಅಡ್ಡ ಇಡ್ತೀರೇನೋ ಅಂತ ನಾನೂ ಸುಮ್ನಿದ್ದೆ."

ಮರುದಿನ ಹೆಬ್ಬಾಳದ ಕೌಂಟರಿನಲ್ಲಿ ಹೆಂಡತಿಯ ಹೆಸರು ಬರೆಸಿದ ಚಿಕ್ಕಹನುಮಯ್ಯನವರು ಅಲ್ಲೇ ನಿಂತರು. ಒಂದು ಸಲ ಕೆಮ್ಮಿ, "ನಂದೂ ಬರ್ಕಳಮ್ಮ. ಪೊರೆ" ಅಂದರು.

"ಇಬ್ರದೂ ಇವತ್ತಿಗೇ ಬರೀಲಾ ತಾತ?" ಅಂದಳು ಕೌಂಟರಿನ ಹುಡುಗಿ.

"ಬ್ಯಾಡ. ಇಬ್ರೂ ಒಟ್ಗೇ ಒಳೀಕೆ ಓದ್ರೆ ಇವ್ಳ ಕೈ ಇಡ್ಕೊಳ್ಳೋರ್ಯಾರು? ಇವ್ಳು ಹನಿ ಬಿಟ್ಕೊಳ್ಳೋದು ಮುಗೀಲಿ, ಅಲ್ಲೀಗಂಟ ನಾನು ಕಾಯ್ತೀನಿ."

"ಆ ಹನಿ ಸಾಯೋವರ್ಗೂ ಬಿಟ್ಕೋಬೇಕಂತೆ ಕಣ್ರೀ!" ಗಂಡನ ಮಾತಿಗೆ ಅಳುತ್ತಿದ್ದ ಮುನಿಕೃಷ್ಣಮ್ಮ ನಕ್ಕೇಬಿಟ್ಟರು. "ಇವರ ಮಾತು ಕೇಳ್ಬೇಡ ಮಗಳೇ. ಇವರದ್ದು ಬರೋ ಸೋಮವಾರಕ್ಕೆ ಬರಿ. ಕೈ ನಾನು ಹಿಡ್ಕೋತೀನಿ."