ಹೆಲ್ಮೆಟ್ಟಿನೊಳಗಿನ ಕನ್ನಡಕ

ಗಾಳಿರಾಯ ಅಂತ ಹೆಸರಿಟ್ಟವರು ಲ್ಯಾಬಿನವರೇ. ಆಸ್ಪತ್ರೆಗಳಿಂದ ಲ್ಯಾಬಿಗೆ ರಕ್ತದ ಸ್ಯಾಂಪಲ್ ಸಾಗಿಸುತ್ತ ಇಪ್ಪತ್ತೆರಡು ವರ್ಷ ಬೈಕಿನ ಮೇಲೇ ಸವೆದ ಮನುಷ್ಯ. ಒಂದು ದಿನವೂ ತಡಮಾಡಿದವನಲ್ಲ. ಅಂಥವನು ಹೋದ ವಾರ ಎಡಗಡೆಯಿಂದ ಬಂದ ಸೈಕಲ್ಲಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತ್ತು. ತಪ್ಪೆಲ್ಲ ಕನ್ನಡಕದ್ದೇ ಎಂದು ತಾನೇ ತೀರ್ಪು ಕೊಟ್ಟು, ಭಾನುವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕನ್ನಡಕದಂಗಡಿಗೆ ಬಂದ.

ಅಂಗಡಿಯಾಕೆಯದು ಒಂದು ಪದ್ಧತಿ. ಬೈಕಿನವರಿಗೆ ಹೆಲ್ಮೆಟ್ ಹಾಕಿಸಿಯೇ ಫ್ರೇಮ್ ನೋಡುವುದು. ಕನ್ನಡಿಯಲ್ಲಿ ಚೆಂದ ಕಂಡದ್ದು ಹೆಲ್ಮೆಟ್ಟಿನೊಳಗೆ ಮೇಷ್ಟ್ರ ಹಾಗೆ ಕಿವಿ ಹಿಂಡುತ್ತದೆ ಎನ್ನುವುದು ಆಕೆಯ ಮಾತು.

ಗಾಳಿರಾಯ ಹೆಲ್ಮೆಟ್ ಹಾಕಿ, ಆಕೆ ಕೊಟ್ಟ ಫ್ರೇಮ್ ಏರಿಸಿ ಕೂತ. ಆಕೆ ಅವನ ಎಡಕ್ಕೆ ನಿಂತು ಎರಡು ಬೆರಳೆತ್ತಿದಳು. "ನೇರ ನೋಡ್ತಾ ಹೇಳಿ ಅಣ್ಣ. ಎಷ್ಟು ಬೆರಳು?"

"ಫ್ರೇಮಿನ ಕಡ್ಡಿ ದಪ್ಪ ಆಯ್ತಮ್ಮ, ಅಡ್ಡ ಬರುತ್ತೆ. ಬೇರೆ ಕೊಡಿ."

ತೆಳು ಕಡ್ಡಿಯದು ಬಂತು. ಅದರ ಗಾಜು ಚಿಕ್ಕದಾಯಿತು. ಅಗಲ ಗಾಜಿನದು ಬಂತು. ಈಗ ಹೆಲ್ಮೆಟ್ಟಿನ ಅಂಚೇ ಅಡ್ಡವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು. ಹೆಂಡತಿ ಮಾತ್ರ ನಗದೆ ಚೀಲದ ಹಿಡಿ ತಿರುಚುತ್ತ ಕೂತಿದ್ದಳು.

ಅಂಗಡಿಯಾಕೆ ಹೆಲ್ಮೆಟ್ಟನ್ನೂ ಕನ್ನಡಕವನ್ನೂ ತೆಗೆಸಿದಳು. "ಬರಿಗಣ್ಣಲ್ಲಿ ಹೇಳಿ. ಈಗ ಎಷ್ಟು?"

ದೂರಲು ಏನೂ ಉಳಿದಿರಲಿಲ್ಲ. ಗಾಳಿರಾಯ ಮೆಲ್ಲಗೆ ಕೇಳಿದ: "ಕೈ ಎತ್ತಿದ್ದೀರಾ ತಾಯಿ?"

"ಎತ್ತಿದ್ದೀನಿ ಅಣ್ಣ. ಇದು ಫ್ರೇಮಿನ ತಪ್ಪಲ್ಲ. ನಿಮಗೆ ಎಡಗಡೆಯ ನೋಟವೇ ಹೋದ ಹಾಗಿದೆ. ಇದಕ್ಕೆ ನನ್ನ ಹತ್ರ ಗಾಜಿಲ್ಲ. ಇವತ್ತೇ ಕಣ್ಣಾಸ್ಪತ್ರೆಗೆ ಹೋಗಿ, ಉಳಿದಿರೋದನ್ನಾದ್ರೂ ಉಳಿಸಿಕೊಳ್ಳಿ. ಬೈಕ್ ಮಾತ್ರ ಬೇಡ."

ಬೈಕ್ ಬೇಡ ಅಂದರೆ ಕೆಲಸ ಬೇಡ ಅಂದ ಹಾಗೆ. ಅವನು ಹೆಂಡತಿಯ ಕಡೆ ತಿರುಗಿ ನೋಡಿದರೆ ಅವಳ ಮುಖದಲ್ಲಿ ಆಶ್ಚರ್ಯವೇ ಇಲ್ಲ.

"ನಿಂಗೆ ಗೊತ್ತಿತ್ತಾ?"

"ಒಂದು ವರ್ಷದಿಂದ ಗೊತ್ತು ರೀ. ಎಡಗಡೆ ಏನಾದ್ರೂ ಬಂದಾಗೆಲ್ಲ ನಿಮ್ಮ ಭುಜ ಅದುಮ್ತಿದ್ದೆ. ನೀವು ಬ್ರೇಕ್ ಹಾಕ್ತಿದ್ರಿ."

ಹೌದು, ಅದುಮುತ್ತಿದ್ದಳು. ವಯಸ್ಸಾದಂತೆ ಇವಳಿಗೆ ಪುಕ್ಕಲುತನ ಹೆಚ್ಚಾಯಿತೆಂದು ಅವನು ಎಷ್ಟು ಸಲ ರೇಗಿಸಿದ್ದ!

"ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ರೆ ಬೈಕ್ ಬಿಡಬೇಕಲ್ಲ. ಬೈಕ್ ಬಿಟ್ಟು ನೀವು ಹೇಗಿರ್ತೀರಿ ಅಂತ ಬಾಯಿ ಬರಲಿಲ್ಲ."

ಗಾಳಿರಾಯ ಬೆರಳು ಮಡಚಿ ಲೆಕ್ಕ ಹಾಕಿದ. "ನೀನು ಹಿಂದೆ ಕೂರೋದು ಭಾನುವಾರ ಒಂದಿನ. ಉಳಿದ ಆರು ದಿನ ನನ್ನ ಭುಜ ಯಾರು ಅದುಮ್ತಿದ್ರು ಕಣೇ?"

"ಸಂಜೆ ನೀವು ಬರೋ ತನಕ ಜೀವ ಕೈಯಲ್ಲಿ ಹಿಡ್ಕೊಂಡು..." ಎಂದವಳು ಬಿಕ್ಕಿ ಬಿಕ್ಕಿ ಅತ್ತಳು.

ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಒಂದು ವರ್ಷ ತಾನು ಯಾರನ್ನೂ ಕೊಲ್ಲದೆ ಉಳಿದದ್ದು ಅದೃಷ್ಟವೇ ಹೊರತು ತನ್ನ ಜಾಣತನವಲ್ಲ ಎಂದು ಅವನಿಗೆ ತಿಳಿಯಿತು. ಬೈಕಿನ ಕೀಲಿಯನ್ನು ಅಂಗಡಿಯಾಕೆಯ ಕೈಗೆ ಕೊಟ್ಟ.

"ಗಾಡಿ ಇಲ್ಲೇ ಇರ್ಲಿ ತಾಯಿ. ನಾವು ಆಸ್ಪತ್ರೆಗೆ ನಡ್ಕೊಂಡೇ ಹೋಗ್ತೀವಿ."

ಬೀದಿಗೆ ಇಳಿದಾಗ ಹೆಂಡತಿ ಕಣ್ಣೊರೆಸಿಕೊಂಡು ಅವನ ಎಡಕ್ಕೆ ಬಂದಳು. ಅಲ್ಲಿ ಅವಳು ಅವನಿಗೆ ಕಾಣುತ್ತಿರಲಿಲ್ಲ.

"ಇದೀಯಾ?" ಎಂದ.

"ಇದೀನಿ, ನಡೀರಿ" ಎಂದಳು.